ಪಲ್ಲವಿಗೆ ಮರಳುವ ಚಟ

ಅಮೆರಿಕದ ನಮ್ಮ ಕೇಟಿ ಊರಿನ ದಿನಸಿ ಅಂಗಡಿಯಲ್ಲಿ ಟೊಮೆಟೊ ಆರಿಸುವಾಗ ಛಾವಣಿಯ ಸ್ಪೀಕರಿನಿಂದ ಯಾವುದಾದರೊಂದು ಹಾಡು ಇಳಿದುಬಂದರೆ ಸಾಕು, ನನ್ನ ಬಲಗೈ ಒಡತಿಯ ಅಪ್ಪಣೆಗೂ ಕಾಯದೆ ತೊಡೆಯ ಮೇಲೆ ತಾಳ ಹಾಕತೊಡಗುತ್ತದೆ. ಮೈಸೂರಿನಲ್ಲಿ ಅಷ್ಟು ವರ್ಷ ಕಲಿತ ಸಂಗೀತದ ಶೇಷ ಇಷ್ಟೇನೇ ಎಂದು ನೀವು ನಗಬಹುದು. ಪಕ್ಕದ ಮನೆಯ ಡೋರಿಸ್ ಬೇಲಿಯ ಬಳಿ ಬಂದು ನಿಲ್ಲುವತನಕ ನಾನೂ ನಗುತ್ತಿದ್ದೆ.

ಅವಳು ಗಂಡನನ್ನು ಕಳೆದುಕೊಂಡು ವಾರವೂ ಆಗಿರಲಿಲ್ಲ. ಬೇಲಿಯಾಚೆಯಿಂದ ನನ್ನ ಸಾಧಕವನ್ನು ವರ್ಷಗಟ್ಟಲೆ ಸಹಿಸಿದ್ದ ಆ ಪುಣ್ಯಾತ್ಗಿತ್ತಿ, ಶನಿವಾರ ಚರ್ಚಿನಲ್ಲಿ ನಡೆಯುವ ಅಂತ್ಯವಿಧಿಯಲ್ಲಿ ಆತನ ಪ್ರೀತಿಯ ಹಳೆಯ ಅಮೆರಿಕನ್ ಹಾಡೊಂದನ್ನು ನಾನೇ ಹಾಡಬೇಕೆಂದಳು. ಒಪ್ಪಿಕೊಂಡುಬಿಟ್ಟೆ. ಒಳಗೆ ಬಂದ ಮೇಲಷ್ಟೇ ದಿಗಿಲು ಹತ್ತಿತು.

ಕರ್ತೃ ಯಾರು, ರಾಗ ಯಾವುದು, ಯಾರ ಪಾಠ ಎಂದು ತಿಳಿಯದೆ ಬಾಯಿ ತೆರೆಯಬಾರದೆಂಬ ಶಿಸ್ತಿನಲ್ಲಿ ಬೆಳೆದವಳು ನಾನು. ಹಾಡಿನ ಚರಿತ್ರೆ ಹುಡುಕಿ ಹೊರಟೆ. ಹುಡುಕಿದಷ್ಟೂ ದಿಗಿಲು ಹೆಚ್ಚಿತು. ಅದು ಹುಟ್ಟಿದ್ದು ಯಾವುದೋ ನಾಟಕದ ಹಾಸ್ಯಗೀತೆಯಾಗಿ! ನಾಟಕ ಮುಳುಗಿತು, ಹಾಡು ಮಾತ್ರ ಈಜಿ ದಡ ಸೇರಿತು. ಯುದ್ಧಕ್ಕೆ ಹೊರಟವರು ಅದನ್ನು ವಿರಹಗೀತೆ ಮಾಡಿಕೊಂಡರು. ರೇಡಿಯೋ ಗಾಯಕಿಯೊಬ್ಬಳು ಲಯವನ್ನು ನಿಧಾನಿಸಿ ಕೇಳಿದವರ ಕಣ್ಣಲ್ಲಿ ನೀರು ತರಿಸಿದಳು. ಮತ್ತೊಬ್ಬ ಚರಣವನ್ನೇ ಬದಲಿಸಿದ. ಕಡೆಗೆ ಪಾಪ, ಅದು ಸೋಪಿನ ಜಾಹೀರಾತಿಗೂ ಇಳಿಯಿತು. ಇಷ್ಟೊಂದು ಪಾಠಾಂತರಗಳಲ್ಲಿ ಶುದ್ಧಪಾಠ ಯಾವುದು? ತಪ್ಪು ಹಾಡಿ ಆ ಮುದುಕಿ ಗಂಡನಿಗೆ ಹೇಳುವ ಕಡೆಯ ವಿದಾಯವನ್ನು ಕೆಡಿಸಿಬಿಟ್ಟರೆ?

"ಪಿಎಚ್.ಡಿ. ಮಾಡ್ತಿದ್ದೀಯೇನೇ?" ಎಂದು ನಮ್ಮ ಯಜಮಾನರು ಛೇಡಿಸಿದರು. ಕನ್ನಡವೆಲ್ಲ ತಿಳಿದೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು, "ಜಸ್ಟ್ ಸಿಂಗ್ ಇಟ್, ಅಮ್ಮಾ!" ಎಂದಳು. ಅಯ್ಯೋ, ಹಾಡಿಬಿಡುವುದು ಅಷ್ಟು ಸುಲಭವಾಗಿದ್ದರೆ ನನಗೆ ಆ ವಾರವೆಲ್ಲ ಅನ್ನ ಏಕೆ ಸೇರುತ್ತಿರಲಿಲ್ಲ?

ಶನಿವಾರ ಬಂದೇ ಬಂತು. ಪಿಯಾನೋ ಜೊತೆ ಮೊದಲ ಚರಣ ಹೇಗೋ ಮುಗಿಸಿದೆ. ಅಲ್ಲಿಂದ ನೇರವಾಗಿ ಎರಡನೆಯದಕ್ಕೆ ಹೋಗಬೇಕು. ಆದರೆ ಚರಣ ಮುಗಿದೊಡನೆ ಪಲ್ಲವಿಗೆ ಮರಳುವ ಚಟ ಬಿಡಬೇಕಲ್ಲ! ನಾಲಗೆ ತಾನೇತಾನಾಗಿ ಮೊದಲ ಸಾಲಿಗೆ ಹಾರಿತು. ಪಿಯಾನೋ ಮುಂದೆ ಹೋಗಿ, ತಡವರಿಸಿ, ನಿಂತೇಹೋಯಿತು. ಎರಡನೆಯ ಚರಣ ಪೂರ್ತಿ ಮರೆತುಹೋಯಿತು. ಬಲಗೈ ಮಾತ್ರ ನಾಚಿಕೆಯಿಲ್ಲದೆ ತಾಳ ಹಾಕುತ್ತಿತ್ತು. ಗತ್ಯಂತರವಿಲ್ಲದೆ ಆ ಒಂದು ಸಾಲನ್ನೇ ಮತ್ತೊಮ್ಮೆ, ಮಗದೊಮ್ಮೆ ಹಾಡಿ, ಮೈಯೆಲ್ಲ ಬೆವತು ಕೆಳಗಿಳಿದೆ. ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ಡೋರಿಸ್ ಅಳುತ್ತಲೇ ನಗುತ್ತಿದ್ದಳು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ನನ್ನ ಗಂಡ ಬದುಕಿಡೀ ಈ ಹಾಡಿನ ಮೊದಲ ಸಾಲನ್ನಷ್ಟೇ ಹಾಡಿದ, ಪಾತ್ರೆ ತೊಳೆಯುವಾಗ ಅದನ್ನೇ ತಿರುತಿರುಗಿ. ಮುಂದಿನದು ಅವನಿಗೆ ಬರುತ್ತಲೇ ಇರಲಿಲ್ಲ, ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದಳು. ನಾನು ತಡಕಾಡಿದ ಅಷ್ಟೂ ಚರಿತ್ರೆಯಲ್ಲಿ ಈ ಪಾಠ ಇರಲಿಲ್ಲ.

ಮೊನ್ನೆ ಟೊಮೆಟೊ ಆರಿಸುತ್ತಿದ್ದಾಗ ಅದೇ ಹಾಡು ಛಾವಣಿಯಿಂದ ಇಳಿದುಬಂತು. ಕೈ ತಾಳ ಹಾಕಿತು, ತಡೆಯಲಿಲ್ಲ. ಮೊದಲ ಸಾಲು ಮುಗಿದು ಗಾಯಕ ಎರಡನೆಯದಕ್ಕೆ ಹೋದಾಗ ಮಾತ್ರ, ಛೆ, ತಪ್ಪು ಹಾಡುತ್ತಿದ್ದಾನೆ ಅನ್ನಿಸಿತು.