ಕನ್ನಿಯಮ್ಮಾಳ್ ಕಟ್ಟಿಸಿದ ಮಳೆಮನೆ

"ಮಳೆ ಹೊರಗಿರ್ಲಿ ಅಂತ ಎಲ್ರೂ ಮನೆ ಕಟ್ತಾರೆ. ಇವಳೊಬ್ಬಳು ಮಳೇನ ಒಳಕ್ಕೆ ಕರೀತಾಳೆ!"

ಅನ್ನೂರಿನ ನಮ್ಮ ಬೀದಿಯಲ್ಲಿ ಕನ್ನಿಯಮ್ಮಾಳ್ ಬಗ್ಗೆ ಆಡುತ್ತಿದ್ದ ಮಾತು ಇದು. ಎರಡು ಸಾವಿರದ ಮೂರರಲ್ಲಿ ಅವಳ ಮನೆ ಏಳುತ್ತಿತ್ತು. ನಾಲ್ಕೂ ಕಡೆಯ ಹೆಂಚಿನ ಮಾಡು ಒಳಮುಖವಾಗಿ ಇಳಿದಿತ್ತು. ನಡುವೆ ತೆರೆದ ಅಂಗಳ, ಅದರ ಕೆಳಗೆ ನೀರಿನ ತೊಟ್ಟಿ, ಸುತ್ತಲೂ ಎರಚಲು ತಾಗದಷ್ಟು ಅಗಲದ ಜಗಲಿ. ಮಳೆ ನೋಡುತ್ತಲೇ ಸಾರು ಕುದಿಸಲಿ ಎಂದು ಅಡುಗೆಮನೆಯ ಕಿಟಕಿಯೂ ಅಂಗಳಕ್ಕೇ.

"ಅಕ್ಕಾ, ನಡುವೆ ತೂತು ಬಿಟ್ರೆ ಕಾಗೆ ಊಟಕ್ಕೆ ಬರುತ್ತೆ," ಎಂದ ಮೇಸ್ತ್ರಿ ಕರುಪ್ಪುಸಾಮಿ.

"ಬರ್ಲಿ ಕಣಪ್ಪಾ, ಎಲೆ ಹಾಕ್ತೀನಿ. ನೀ ಇಳಿಜಾರು ಸರಿಯಾಗಿ ಕೊಡು."

ಅವಳ ಹಟಕ್ಕೆ ಕಾರಣವಿತ್ತು. ಅಲ್ಲಿಯ ಬೋರ್‌ವೆಲ್ ನೀರು ಉಪ್ಪು. ಬೇಳೆ ಬೇಯದು, ಸೋಪು ನೊರೆಯಾಗದು. ಉಪ್ಪುನೀರಿನ ಮನೆಗೆ ಹೆಣ್ಣು ಕೊಡೆವು ಎಂದು ಮಗ ದಿವಾಕರನಿಗೆ ಬಂದಿದ್ದ ಸಂಬಂಧ ವಾಪಸಾಗಿತ್ತು. ಈಗ ವೆಳ್ಳಕೋಯಿಲಿನ ಅಯ್ಯಾಸಾಮಿ ತನ್ನ ಮಗಳು ಮಲ್ಲಿಗಾಳಿಗಾಗಿ ಮನೆ ನೋಡಲು ಬರುವುದಿತ್ತು. ಈ ಸಲ ತೊಟ್ಟಿ ತುಂಬಿದ ಸಿಹಿನೀರು ತೋರಿಸಬೇಕು, ಅಷ್ಟೇ ಅವಳ ಆಸೆ.

ಐಪಸಿ ತಿಂಗಳ ಮಳೆ ಸುರಿಯಿತು. ತೊಟ್ಟಿ ತುಂಬಿತು. ಗೃಹಪ್ರವೇಶಕ್ಕೆ ನೆಂಟರೆಲ್ಲ ಪದ್ಧತಿಯಂತೆ ಉಪ್ಪು ಹೊತ್ತು ತಂದರು. ಗಂಡನ ಅಕ್ಕ ಜಾನಕಿಯಮ್ಮ ಆ ಉಪ್ಪನ್ನೆಲ್ಲ ಒಂದೇ ಕುಕ್ಕೆಗೆ ಸುರಿದುಕೊಂಡು, ಕೈಮುಗಿದು, ತೊಟ್ಟಿಯ ಬಾಯಿಗೆ ಬಗ್ಗಿಸಿಬಿಟ್ಟಳು!

"ಅಯ್ಯೋ ಅಕ್ಕಾ, ಏನ್ ಮಾಡಿದ್ರೀ!"

"ಉಪ್ಪು ಲಕ್ಷ್ಮಿ ಕಣೇ. ಹೊಸ ಮನೆಗೆ ಮೊದ್ಲು ಹೋಗೋದು ಅದೇ. ತೊಟ್ಟೀನೂ ಹೊಸದಲ್ವಾ?"

ಕನ್ನಿಯಮ್ಮಾಳ್ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗಿದಳು. "ಬೋರ್ ನೀರೇ ವಾಸಿ ಅಕ್ಕಾ!"

ಗಂಡ ಮಾಯಣ್ಣ ಸಮಾಧಾನ ಮಾಡಿದ: "ಬಿಡು, ಲಾರೀಲಿ ಸಿಹಿನೀರು ತರಿಸಿ ತುಂಬೋಣ. ಯಾರಿಗೆ ಗೊತ್ತಾಗ್ತದೆ?"

"ಲಾರಿ ನೀರು ತೋರಿಸಿ ಸೊಸೆ ತರೋದಾ? ಬಂದವಳು ಕುಡಿಯೋದೇನು, ಲಾರೀನಾ?"

ಸೆರಗು ಸಿಕ್ಕಿಸಿ ತೊಟ್ಟಿಗೆ ಇಳಿದಳು. ನೀರೆಲ್ಲ ಮೊಗೆದು ತೆಂಗಿನ ಬುಡಗಳಿಗೆ ಹಾಕಿಸಿ, ತೊಟ್ಟಿ ತಿಕ್ಕಿ ತೊಳೆದಳು. ಜಾನಕಿಯಮ್ಮನೂ ಕೊಡ ಎತ್ತಿದಳು. ಆಮೇಲೆ ಮಳೆ ಮುಖ ತೋರಿಸಲೇ ಇಲ್ಲ.

ಮುಂದಿನ ತಿಂಗಳು, ಕಾರ್ತಿಗೆಯಲ್ಲಿ, ಅಯ್ಯಾಸಾಮಿ ಬಂದ. ಬಗ್ಗಿ ನೋಡಿದ. "ತೊಟ್ಟಿ ಜೋರಾಗೈತೆ. ನೀರೆಲ್ಲಮ್ಮಾ?"

ಕನ್ನಿಯಮ್ಮಾಳ್ ಮುಚ್ಚಿಡದೆ ಉಪ್ಪಿನ ಕಥೆ ಹೇಳಿದಳು. ಕಂಬದ ಹಿಂದಿದ್ದ ಜಾನಕಿಯಮ್ಮನನ್ನು ನೋಡಿ ಅಯ್ಯಾಸಾಮಿ ಕೆಮ್ಮುವಂತೆ ನಕ್ಕ. ಆದರೆ ಒಪ್ಪಿಗೆ ಹೇಳಲಿಲ್ಲ.

ಊಟಕ್ಕೆ ಎಲೆ ಹಾಕಿದ ಹೊತ್ತಿಗೆ ಗುಡುಗಿತು. ಹೆಂಚಿನಿಂದ ಸೂರಿನಂಚಿನ ದೋಣಿಗೆ, ದೋಣಿಯಿಂದ ಕೊಳವೆಗೆ ನೀರು ಧುಮುಕಿತು. ಕನ್ನಿಯಮ್ಮಾಳ್ ಕೊಳವೆಯ ಮೂತಿ ಬಾಳೆಗಿಡದತ್ತ ತಿರುಗಿಸಿದಳು.

"ಬಂದ ನೀರನ್ನೂ ಚೆಲ್ತೀಯಲ್ಲಮ್ಮಾ!"

"ಮಾಡು ಮೊದ್ಲು ಸ್ನಾನ ಮಾಡ್ಲಿ ಅಣ್ಣಾ. ಅದರ ಕೊಳೆ ನಾವ್ಯಾಕೆ ಕುಡೀಬೇಕು?"

ನೀರು ತಿಳಿಯಾದ ಮೇಲೆ ಮೂತಿಯನ್ನು ಇದ್ದಿಲು, ಮರಳು ತುಂಬಿದ ಗುಂಡಿಗೆ ತಿರುಗಿಸಿದಳು. ಅಲ್ಲಿಂದ ಸೋಸಿದ ನೀರು ತೊಟ್ಟಿಗಿಳಿಯಿತು. ಜಗಲಿಯಲ್ಲಿ ಉಂಡು ಕೂತ ಅಯ್ಯಾಸಾಮಿಯ ಪಂಚೆಗೆ ಒಂದು ಹನಿ ತಾಗಲಿಲ್ಲ. ಆ ನೀರನ್ನು ಲೋಟದಲ್ಲಿ ಹಿಡಿದು ಕುಡಿದ. ಮತ್ತೊಂದು ಲೋಟ ಕೇಳಿದ.

"ನನ್ ಮಗಳು ಇಲ್ಲಿ ಬೇಳೆ ಬೇಯಿಸ್ಲಿ ಬೀಗಿತ್ತಿ," ಎಂದ.

ಮಲ್ಲಿಗಾ ಸೊಸೆಯಾಗಿ ಬಂದಳು. ಬೀದಿಯಲ್ಲಿ ನಕ್ಕವರೇ ನೀರಿಗೆ ಕೊಡ ಹಿಡಿದು ಬಂದರು. ಕರುಪ್ಪುಸಾಮಿ ಯಾರದೇ ಹೊಸ ಮನೆಗೆ ಗೆರೆ ಎಳೆಯುವ ಮೊದಲು ಕನ್ನಿಯಮ್ಮಾಳನ್ನು ಕೇಳತೊಡಗಿದ. ಜಾಗ ನೋಡಲು ಅವಳು ಹೋಗುತ್ತಿದ್ದ ಗತ್ತು ನೋಡಬೇಕಿತ್ತು, ತಹಸೀಲ್ದಾರರ ಹಾಗೆ!

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಕನ್ನಿಯಮ್ಮಾಳ್ ತೀರಿಕೊಂಡಳು. ಕೊನೆಯ ಸ್ನಾನಕ್ಕೆ ಪದ್ಧತಿಯಂತೆ ಹೊರಗಿನಿಂದ ನೀರು ತರಲು ನೆಂಟರು ಕೊಡ ಹಿಡಿದು ಊರಿನ ಬೋರಿನತ್ತ ಹೊರಟಾಗ ಮಲ್ಲಿಗಾ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ಹೋಗ್ತೀರಾ? ನಮ್ಮತ್ತೆ ತುಂಬಿಸಿಟ್ಟಿದ್ದಾರೆ."

ಆ ನೀರಲ್ಲೇ ಮಿಂದು, ಸಣ್ಣಗೆ ಹನಿಯುತ್ತಿದ್ದ ಮಳೆಯಲ್ಲಿ, ಕನ್ನಿಯಮ್ಮಾಳ್ ನಾಲ್ವರ ಹೆಗಲ ಮೇಲೆ ಹೊಸಿಲು ದಾಟಿದಳು.