ಹಿಲ್ಡಾ ಎತ್ತಿಕೊಡದ ಮಾತು

ದಂಡನಾಯಕರಿಗೆ ಕತ್ತಿ ಇರುತ್ತದೆ. ಹಿಲ್ಡಾ ಬೂತ್ರಾಯ್ಡಳಿಗೆ ಇದ್ದದ್ದು ಒಂದು ಸ್ಟೂಲು, ಒಂದು ಮಂಕು ದೀಪ, ಒಂದು ಪೊಟ್ಟಣ ಪೆಪ್ಪರ್‌ಮಿಂಟು. ಹ್ಯಾಲಿಫ್ಯಾಕ್ಸಿನ ಥಿಯೇಟರಿನಲ್ಲಿ ಸೈಡ್ ವಿಂಗಿನ ಮರೆಗೆ ಕೂತು, ನಟರು ಮರೆತ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಡುವ ಪ್ರಾಂಪ್ಟರ್ ಅವಳು. ಅವಳ ಕೃಪೆಯಿಂದ ಎಷ್ಟೋ ರಾಜರು ಯುದ್ಧ ಸಾರಿದ್ದರು, ಎಷ್ಟೋ ಪ್ರೇಮಿಗಳು ಪ್ರೇಯಸಿಯ ಹೆಸರನ್ನು ತಪ್ಪದೆ ಹೇಳಿದ್ದರು. ನಟ ತಡವರಿಸಿದರೆ ಒಂದು ಉಸಿರಿನೊಳಗೆ ಮಾತು ಅವನ ಕಿವಿ ಮುಟ್ಟಬೇಕು ಎಂಬುದು ಅವಳ ನೇಮ. ಮೂವತ್ತೊಂದು ವರ್ಷ ಆ ನೇಮ ತಪ್ಪಿರಲಿಲ್ಲ. ಜ್ವರದಲ್ಲೂ ಇಲ್ಲ, ಯುದ್ಧದ ಸೈರನ್ ಕೂಗುವಾಗಲೂ ಇಲ್ಲ, ತಾಯಿ ತೀರಿಕೊಂಡ ವಾರದಲ್ಲೂ ಇಲ್ಲ. ಅವಳು ಹೆಮ್ಮೆಪಡಲು ಇದ್ದದ್ದು ಅದೊಂದೇ.

ಆ ಒಂದನ್ನೂ ಅವಳು 1958ರ ಮಾರ್ಚಿನಲ್ಲಿ ಬೆಂಕಿಗೆ ಹಾಕಿದಳು. ಅದೂ ನಗುನಗುತ್ತಾ.

ಕಾರಣ ಲೆನ್ನಿ ಸಗ್ಡನ್. ಲೋಕಕ್ಕೆ ಅವನು ಸರ್ ಲಯನೆಲ್ ಮಾರ್ಡಂಟ್, ಇಂಗ್ಲೆಂಡಿನ ಮಹಾ ನಾಟಕಕಾರ. ಹಿಲ್ಡಾಳಿಗೆ ಮಾತ್ರ ಅವನು ಇದೇ ಥಿಯೇಟರಿನಲ್ಲಿ ಸೇವಕನ ಪಾತ್ರ ಮಾಡುತ್ತಾ "ಕುದುರೆ ಸಿದ್ಧವಾಗಿದೆ" ಎಂಬ ಎರಡು ಪದಕ್ಕೂ ಅವಳ ಕಡೆ ಕತ್ತು ಉದ್ದ ಮಾಡುತ್ತಿದ್ದ ಹುಡುಗ. ಮಾತನ್ನು ಮೂವತ್ತು ಸಲ ಗಟ್ಟಿಯಾಗಿ ಹೇಳದೆ ಅವನ ತಲೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ.

ಆಗ ಅವನು "ಗಿರಣಿ ಧಣಿ" ಎಂಬ ನಾಟಕ ಬರೆಯುತ್ತಿದ್ದ. ಮಗನನ್ನು ಮನೆಯಿಂದ ಅಟ್ಟಿದ ಮುದುಕನ ಕಥೆ. ಎಲ್ಲ ಬರೆದು ಮುಗಿದರೂ ಕೊನೆಯ ಸಾಲು ಹುಟ್ಟಲೊಲ್ಲದು. ಒಂದು ಮಧ್ಯಾಹ್ನ ಹಿಲ್ಡಾಳ ಅಡುಗೆಮನೆಯಲ್ಲಿ ಊಟಕ್ಕೆ ಕೂತು, ನಡುಗುತ್ತಾ ಗೊಣಗಿದ:

"ಬಾಗಿಲು ಹಾಕೇ ಮಾರಾಯ್ತಿ, ಸಾಯ್ತಿದೀನಿ."

ಒಲೆಯ ಮೇಲೆ ದನದ ಕರುಳು ಈರುಳ್ಳಿಯೊಂದಿಗೆ ಬೇಯುತ್ತಿತ್ತು. ಆ ವಾಸನೆ ಹೋಗಲೆಂದೇ ಹಿಲ್ಡಾ ಬಾಗಿಲು ತೆಗೆದಿಟ್ಟಿದ್ದಳು. "ಹಾಕಲ್ಲ ಹೋಗೋ. ಚಳಿಗೂ ಒಂದು ಮನೆ ಬೇಕಲ್ಲ!" ಎಂದಳು.

ಲೆನ್ನಿ ಚಮಚ ಕೆಳಗಿಟ್ಟ. ಮರುದಿನ ನಾಟಕ ಮುಗಿದಿತ್ತು. ಅದು ಲಂಡನ್ ತಲುಪಿತು, ಲೆನ್ನಿಯೂ ತಲುಪಿದ. ಹಿಲ್ಡಾಳ ಮಾತೇ ಆಗಿದ್ದ ಆ ಕೊನೆಯ ಸಾಲಿನಲ್ಲಿ ಪಂಡಿತರು ಮನುಷ್ಯನ ಒಂಟಿತನ ಕಂಡರು, ದೇವರ ಮೌನ ಕಂಡರು. ಬೇಯುವ ಕರುಳಿನ ವಾಸನೆ ಮಾತ್ರ ಯಾರ ಮೂಗಿಗೂ ಬಡಿಯಲಿಲ್ಲ. ಆ ಸಾಲು ಹೇಗೆ ಹೊಳೆಯಿತೆಂದು ಪತ್ರಿಕೆಯವರು ಕೇಳಿದರೆ, "ಸಮುದ್ರದಂಚಿನ ಬಂಡೆಯ ಮೇಲೆ, ಸೂರ್ಯೋದಯದಲ್ಲಿ" ಎನ್ನುತ್ತಿದ್ದ. ಸೂರ್ಯೋದಯಕ್ಕೆ ಅವನು ಎದ್ದದ್ದನ್ನು ಹ್ಯಾಲಿಫ್ಯಾಕ್ಸಿನಲ್ಲಿ ಯಾರೂ ಕಂಡಿರಲಿಲ್ಲ.

ಅಷ್ಟಾಗಿದ್ದರೆ ಹಿಲ್ಡಾ ಕ್ಷಮಿಸುತ್ತಿದ್ದಳೋ ಏನೋ. ಎರಡನೇ ನಾಟಕದಲ್ಲಿ ಅವನು ಒಬ್ಬ ಪ್ರಾಂಪ್ಟರ್ ಹೆಂಗಸನ್ನು ತಂದ. ದಪ್ಪ ಕಾಲು, ಬಾಯಲ್ಲಿ ಪೆಪ್ಪರ್‌ಮಿಂಟು, ಸದಾ ಸೋರುವ ಮೂಗು. ಹೆಸರು ಮಿಸ್ ಸೊರ್‌ಸೊರ್. ಇಡೀ ಇಂಗ್ಲೆಂಡು ಬಿದ್ದು ಬಿದ್ದು ನಕ್ಕಿತು. ಕಟುಕ ಕೂಡ ಬಿಡಲಿಲ್ಲ: "ಏನಮ್ಮಾ ಮಿಸ್ ಸೊರ್‌ಸೊರ್, ಏನು ಬೇಕಿತ್ತು? ಮರೆತಿದ್ರೆ ಹೇಳು, ನಾನೇ ಎತ್ತಿಕೊಡ್ತೀನಿ!"

ಇಪ್ಪತ್ತೈದು ವರ್ಷ ಹಿಲ್ಡಾ ಆ ನಗುವನ್ನು ಉಪ್ಪಿನಕಾಯಿಯ ಹಾಗೆ ಭರಣಿಯಲ್ಲಿಟ್ಟು ಮಾಗಿಸಿದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಆ ಸಾಲು ಯಾರದೆಂದು ಅವನ ಬಾಯಿಂದಲೇ, ನಾಲ್ಕು ಜನರೆದುರು ಬರಬೇಕು.

ಕಡೆಗೆ ಲೆನ್ನಿಯೇ ಬಂದ. ಗಿರಣಿ ಧಣಿಯ ಪಾತ್ರವನ್ನು ಇದುವರೆಗೆ ಯಾರೂ ಸರಿಯಾಗಿ ಮಾಡಿಲ್ಲವಂತೆ, ಈ ಸಲ ತಾನೇ ಮಾಡುವನಂತೆ. ಮೊದಲು ಹುಟ್ಟೂರಿನಲ್ಲಿ, ಆಮೇಲೆ ಲಂಡನ್ನಿನಲ್ಲಿ.

"ಅರೆ, ನೀನಿನ್ನೂ ಅದೇ ಸ್ಟೂಲ್ ಮೇಲೇ ಇದೀಯಾ?" ಎಂದ, ತುಪ್ಪಳದ ಕಾಲರು ಸವರುತ್ತಾ.

"ನೀನು ಏಳೋಕೆ ಬಿಟ್ರೆ ತಾನೇ, ಲೆನ್ನಿ."

"ಸರ್ ಲಯನೆಲ್ ಅನ್ನು."

"ಆಗಲಿ ಸರ್ ಲೆನ್ನಿ."

ನಾಟಕದವರಲ್ಲಿ ಒಂದು ನಂಬಿಕೆಯುಂಟು. ನಾಟಕದ ಕೊನೆಯ ಸಾಲನ್ನು ತಾಲೀಮಿನಲ್ಲಿ ಯಾರೂ ಹೇಳುವುದಿಲ್ಲ. ನೋಡುವವರಿಲ್ಲದೆ ನಾಟಕ ಮುಗಿಸಿದರೆ ಅಪಶಕುನ. ಲೆನ್ನಿಯೂ ಮೂರು ವಾರ ಕೊನೆಗೆ ಬಂದಾಗಲೆಲ್ಲ "ಲಾ ಲಾ ಲಾ" ಎಂದು ಕೈ ಬೀಸಿ ಚಹಾಕ್ಕೆ ಹೋದ. ಹಿಲ್ಡಾ ಬೆರಳು ಮಡಿಸಿದಳು. ಆ ಸಾಲನ್ನು ಅವನು ಒಮ್ಮೆಯೂ ಗಟ್ಟಿಯಾಗಿ ಹೇಳಿರಲಿಲ್ಲ.

ಮ್ಯಾನೇಜರ್ ಕ್ಲಿಫರ್ಡನಿಗೆ ಸಣ್ಣ ಅನುಮಾನ ಬಂತು. "ಮಿಸ್ ಬೂತ್ರಾಯ್ಡ್, ಕೊನೇ ಸಾಲು ಅವರಿಗೆ ನೆನಪಿದೆಯಾ ಅಂತ ಕೇಳ್ಲಾ?"

"ಬರೆದೋರನ್ನೇ ಕೇಳ್ತೀಯೇನಪ್ಪಾ? ಪಾಪ, ನೊಂದ್ಕೋತಾರೆ."

ಮೊದಲ ಪ್ರದರ್ಶನದ ದಿನ ಊರಿನ ಮೇಯರು ಕೊರಳಿಗೆ ಅಧಿಕಾರದ ಚಿನ್ನದ ಸರಪಳಿ ಹಾಕಿಕೊಂಡು ಬಂದಿದ್ದರು. ಲಂಡನ್ನಿನ ವಿಮರ್ಶಕರೂ ಬಂದಿದ್ದರು. ಕೊನೆಯ ದೃಶ್ಯದಲ್ಲಿ ಮುದುಕ ಧಣಿ ಒಬ್ಬನೇ, ಹಿಂದೆ ತೆರೆದ ಬಾಗಿಲು. ಲೆನ್ನಿ ಕೈ ಎತ್ತಿದ, ಬಾಯಿ ತೆರೆದ. ಬಾಯಿ ತೆರೆದೇ ಇತ್ತು.

ಒಂದು ಉಸಿರು. ಹಿಲ್ಡಾಳ ನಾಲಿಗೆ ಹಳೆಯ ಕುದುರೆಯಂತೆ ತಾನಾಗಿ ಮುನ್ನುಗ್ಗಿತು. ಅವಳು ಅದಕ್ಕೆ ಪೆಪ್ಪರ್‌ಮಿಂಟಿನ ಕಡಿವಾಣ ಹಾಕಿದಳು. ಮೂವತ್ತೊಂದು ವರ್ಷದ ನೇಮ ಅಲ್ಲಿಗೆ ಮುಗಿಯಿತು. ಎರಡನೇ ಉಸಿರು. ಮೂರನೆಯದು.

ಲೆನ್ನಿ ನಾಲ್ಕು ಹೆಜ್ಜೆ ವಿಂಗಿನ ಕಡೆ ಸರಿದು, ತುಟಿಯಂಚಿನಲ್ಲಿ ಪಿಸುಗುಟ್ಟಿದ: "ಸಾಲು!"

"ಯಾರ ಸಾಲು?"

"ನನ್ನ ಸಾಲು ಕಣೇ!"

ಹಿಲ್ಡಾ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. "ಬಂಡೆ ಹತ್ತಿರ ಹೋಗಿ ಕೇಳಪ್ಪ."

ಲೆನ್ನಿಯ ಹಣೆಯ ಬಣ್ಣ ಕರಗಿ ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಅವನು ಸೊರ್ ಎಂದ. ಅದನ್ನು ಕೇಳಿದ ಹಿಲ್ಡಾಳಿಗೆ ಅರ್ಧ ಸ್ವರ್ಗ ಸಿಕ್ಕಿತು.

"ನಿಂದು, ನಿಂದು!" ಎಂದ.

"ಕೇಳಿಸ್ತಿಲ್ಲ. ಗಂಟಲು ಬಿಚ್ಚಿ, ಸರ್."

ಮೇಯರರ ಸರಪಳಿ ಕಿಣಿಗುಟ್ಟಿತು. ಯಾರೋ ಕೆಮ್ಮಿದರು. ಇಂಗ್ಲೆಂಡಿನ ಮಹಾ ನಾಟಕಕಾರ ಮಂಡಿಯೂರಿ, ಗ್ಯಾಲರಿಯ ಕಟ್ಟಕಡೆಯ ಬೆಂಚಿಗೂ ಕೇಳುವಂತೆ ಕೂಗಿದ: "ಅದು ನಿನ್ನ ಮಾತು, ಹಿಲ್ಡಾ! ನೀನೇ ಹೇಳು!"

ಆಗ ಹಿಲ್ಡಾ ಪೆಪ್ಪರ್‌ಮಿಂಟು ನುಂಗಿ, ಪಿಸುಗುಟ್ಟದೆ, ಅಡುಗೆಮನೆಯ ದನಿಯಲ್ಲೇ ಹೇಳಿದಳು: "ಬಾಗಿಲು ಹಾಕಲ್ಲ. ಚಳಿಗೂ ಒಂದು ಮನೆ ಬೇಕಲ್ಲ!"

ಪರದೆ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ಪತ್ರಿಕೆಗಳು ಸರ್ ಲಯನೆಲ್ ಅವರ ಹೊಸ ಅಂತ್ಯವನ್ನು ಹಾಡಿ ಹೊಗಳಿದವು. ಮುದುಕ ಕೊನೆಗೆ ಸತ್ತ ಹೆಂಡತಿಯನ್ನು ಕರೆಯುವುದು, ಅವಳು ಕತ್ತಲಿನಿಂದ ಉತ್ತರಿಸುವುದು, ಅಬ್ಬಾ, ಎಂಥ ಕಲ್ಪನೆ ಎಂದವು.

ಲೆನ್ನಿಗೆ ಈಗ ಹಿಂದಿರುಗುವ ದಾರಿಯಿರಲಿಲ್ಲ. ಲಂಡನ್ನಿನಲ್ಲಿ ಇನ್ನೂರು ಹದಿನಾರು ಪ್ರದರ್ಶನಗಳಾದವು. ಇನ್ನೂರು ಹದಿನಾರು ಸಲವೂ ಅವನು ಮಂಡಿಯೂರಿ, ಅದು ಹಿಲ್ಡಾಳ ಮಾತೆಂದು ತುಂಬಿದ ಸಭೆಗೆ ಸಾರಿದ. ವಿಂಗಿನ ಮರೆಯಿಂದ ಉತ್ತರ ಕೊಡಲು ಹ್ಯಾಲಿಫ್ಯಾಕ್ಸಿನಿಂದ ಒಬ್ಬ ಹೆಂಗಸನ್ನು ಅವಳ ಸ್ಟೂಲಿನ ಸಮೇತ ಕರೆಸಿಕೊಳ್ಳಬೇಕಾಯಿತು.

ಅವಳು ಪ್ರತಿಸಲವೂ ಮೂರು ಉಸಿರು ಕಾಯಿಸಿಯೇ ಬಾಯಿ ತೆರೆಯುತ್ತಿದ್ದಳು.