ಮಹಾಂತೇಶನ ಫ್ರೇಮಿನಲ್ಲಿ ಬಿರುಕಿರಲಿಲ್ಲ

ಆ ಸೈಕಲ್ ಫ್ರೇಮಿನಲ್ಲಿ ಬಿರುಕು ಇರಲಿಲ್ಲ. ಇದೆ ಎಂದು ಎಲ್ಲರೆದುರು ಹೇಳಿದವನು ನಾನು. ಇಲ್ಲವೆಂಬುದು ನನಗೆ ಗೊತ್ತಿತ್ತು — ಊಹೆಯಿಂದಲ್ಲ, ಕೈಯಾರೆ ಪರೀಕ್ಷೆ ಮಾಡಿ ತಿಳಿದುಕೊಂಡಿದ್ದೆ. ತಿಳಿದೂ ಹೇಳಿದೆ.

ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ಭಾನುವಾರ ಬೆಳಿಗ್ಗೆ ಬಾದಾಮಿ ಸುತ್ತಿನ ಗುಡ್ಡಗಳಲ್ಲಿ ಸೈಕಲ್ ತುಳಿಯುವ ಏಳೆಂಟು ಜನರ ಗುಂಪು ನಮ್ಮದು. ತುಳಿಯುವುದಕ್ಕಿಂತ ಮಾತೇ ಹೆಚ್ಚು. ಕುಳಗೇರಿ ಕ್ರಾಸಿನ ಚಹಾದಂಗಡಿಯಲ್ಲಿ ಕುಳಿತರೆ ಯಾವ ಹೊಸ ಸೈಕಲ್ ಬಂತು, ಅಲ್ಯೂಮಿನಿಯಂ ಒಳ್ಳೆಯದೋ ಕಾರ್ಬನ್ ಒಳ್ಳೆಯದೋ, ಎಷ್ಟಕ್ಕೆ ಸಿಗುತ್ತದೆ — ಇದೇ. ಈ ಮಾತುಗಳಲ್ಲಿ ಕೊನೆಯ ಮಾತು ನನ್ನದಾಗಿರುತ್ತಿತ್ತು. "ಸರ್ ಹೇಳಿದ್ರು" ಅಂದರೆ ಮುಗಿಯಿತು. ಅದರ ರುಚಿ ನನಗೆ ಹತ್ತಿತ್ತು.

ಆರು ವರ್ಷದ ಹಿಂದೆ ನಾನು ಪುಣೆಯಿಂದ ಕಾರ್ಬನ್ ಸೈಕಲ್ ತರಿಸಿದ್ದೆ. ಎರಡು ಲಕ್ಷ ಎಂಬತ್ತು ಸಾವಿರ. ಉಕ್ಕಿನ ಕಾಲ ಮುಗಿಯಿತು, ಇನ್ನೇನಿದ್ದರೂ ಕಾರ್ಬನ್ ಎಂದು ಎಲ್ಲರಿಗೂ ಬೋಧನೆ ಮಾಡಿದ್ದೆ.

ನಮ್ಮ ಗುಂಪಿನವನೇ ಆದ ಮಹಾಂತೇಶನಿಗೆ ಕಮತಗಿಯಲ್ಲಿ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ, ಟ್ರಾಲಿ ರಿಪೇರಿ ಅವನ ಕೆಲಸ. ಹತ್ತನೆಯ ತರಗತಿಗೆ ಶಾಲೆ ಬಿಟ್ಟವನು. ಆದರೆ ಅವನು ಬೆಸೆದ ಜಾಯಿಂಟಿನ ಮೇಲೆ ಬೆರಳಾಡಿಸಿದರೆ ಎಲ್ಲಿ ಪೈಪು ಮುಗಿದು ಎಲ್ಲಿ ಬೆಸುಗೆ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಅವನು ಹಗುರವಾದ ಉಕ್ಕಿನ ಪೈಪು ತರಿಸಿ, ಎಂಟು ತಿಂಗಳು ಕೂತು, ತಾನೇ ಒಂದು ಫ್ರೇಮು ಕಟ್ಟಿದ. ಹಸಿರು ಬಣ್ಣ ಬಳಿದ. ಬಿಡಿಭಾಗಗಳನ್ನೆಲ್ಲ ಜೋಡಿಸಿ ನೇರ ನನ್ನ ಮನೆಗೆ ತಂದ.

"ಸರ್, ಹದಿನೈದು ದಿನ ಇಟಗೊಂಡು ಹೊಡದ ನೋಡ್ರಿ. ಖರೆ ಹೇಳ್ರಿ, ಚಂದ ಹೇಳಬ್ಯಾಡ್ರಿ."

ಹೊಡೆದು ನೋಡಿದೆ. ಬಾದಾಮಿಯ ಹಿಂದಿನ ಕೆಂಪು ಬಂಡೆಯ ಇಳಿಜಾರಿದೆಯಲ್ಲ, ನನ್ನ ಕಾರ್ಬನ್ ಸೈಕಲ್ ಮಣಿಕಟ್ಟು ಉದುರಿಹೋಗುವಷ್ಟು ಕುಲುಕುತ್ತಿದ್ದ ಜಾಗ — ಅಲ್ಲಿ ಅವನ ಸೈಕಲ್ ಕಲ್ಲುಗಳನ್ನು ನುಂಗಿಕೊಂಡು ಇಳಿಯಿತು. ತೂಕ ಸ್ವಲ್ಪ ಹೆಚ್ಚು, ಅಷ್ಟೇ. ಕೆಳಗೆ ಬಂದು ನಿಂತಾಗ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಡೀ ಸೈಕಲ್ಲನ್ನು ನಲವತ್ತು ಸಾವಿರಕ್ಕೆ ಕೊಡಬಲ್ಲೆ ಅಂದಿದ್ದ ಅವನು. ನನ್ನ ಎರಡು ಲಕ್ಷ ಎಂಬತ್ತು ಸಾವಿರ, ನನ್ನ ಬೋಧನೆ, ನನ್ನ ಕೊನೆಯ ಮಾತು — ಏನನ್ನು ಕಳೆದುಕೊಳ್ಳುತ್ತೇನೆಂದು ಹೆದರಿದೆನೋ.

ಹ್ಯಾಂಡಲ್ಲಿನ ಕೆಳಗಿನ ಜಾಯಿಂಟಿನಲ್ಲಿ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆಯೊಂದು ಕಂಡಿತು. ಬಣ್ಣ ಕೆರೆದೆ. ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದೆ. ಲೋಹ ಬಿರಿದಿದ್ದರೆ ಒಳಗಿಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಕಾದೆ. ಪುಡಿ ಬೆಳ್ಳಗೇ ಉಳಿಯಿತು. ಒಡೆದದ್ದು ಬಣ್ಣ ಮಾತ್ರ. ನಾನು ಕಾದದ್ದು ಗೆರೆ ಮೂಡಲಿ ಎಂದು — ಇದನ್ನೂ ಹೇಳಿಬಿಡುತ್ತೇನೆ.

ಹದಿನೈದು ದಿನ ಮುಗಿದ ಭಾನುವಾರ ಕುಳಗೇರಿ ಕ್ರಾಸಿನಲ್ಲಿ ಎಲ್ಲರೂ ಹಸಿರು ಸೈಕಲ್ಲಿನ ಸುತ್ತ ನಿಂತಿದ್ದರು. ಇಳಕಲ್ಲಿನ ವಿರೂಪಾಕ್ಷ — ಮನೆಯಲ್ಲಿ ಸೀರೆಯ ಮಗ್ಗಗಳಿರುವವನು, ನಮ್ಮ ಗುಂಪಿನಲ್ಲಿ ಮಹಾಂತೇಶನಿಗೆ ಹತ್ತಿರದ ಗೆಳೆಯ — "ನನಗ ಇಂಥಾದ್ದೊಂದು ಮಾಡಿ ಕೊಡೋ" ಅನ್ನುತ್ತಿದ್ದ. ಇನ್ನಿಬ್ಬರೂ ಕೇಳಿದ್ದರು. ಗೇಟು ಮಾಡುವುದು ಬಿಟ್ಟು ಇದನ್ನೇ ಮಾಡಿಕೊಂಡಿರಬಹುದೇನೋ ಎಂಬ ಆಸೆ ಮಹಾಂತೇಶನ ಮುಖದಲ್ಲೇ ಕಾಣುತ್ತಿತ್ತು.

"ಹೇಳ್ರಿ ಸರ್, ಹ್ಯಾಂಗಾಗೇತಿ?"

ಕೆರೆದ ಜಾಗವನ್ನು ತೋರಿಸಿದೆ. "ಜಾಯಿಂಟ್ ಬಿರದೈತಿ ಮಹಾಂತೇಶ. ಕಣ್ಣಿಗೆ ಕಾಣಂಗಿಲ್ಲ, ಸುಣ್ಣದಾಗ ಗೆರಿ ಮೂಡ್ತು. ಇಳಿಜಾರಿನ್ಯಾಗ ಮುರೀತಂದ್ರ ಹತ್ತಿದಾಂವ ಉಳಿಯಂಗಿಲ್ಲ."

ಅವನು ಬಗ್ಗಿ ಆ ಜಾಗದ ಮೇಲೆ ಉಗುರಾಡಿಸಿದ. ಎದ್ದು, "ನೀವು ನೋಡೀರಿ ಅಂದ ಮ್ಯಾಲ ಮುಗೀತ್ರಿ" ಅಂದ. ಫ್ರೇಮು ಬೇಕೆಂದವರು ಯಾರೂ ಮತ್ತೆ ಆ ಮಾತು ಎತ್ತಲಿಲ್ಲ.

ಅಲ್ಲಿಗೇ ನಿಂತಿದ್ದರೂ — ಇಲ್ಲ, ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ನಾನು ತರಗತಿಗೆ ಹೊರಟಾಗ ಅವನ ಫೋನು ಬಂತು. "ಸರ್, ಇದನ್ನ ಕೊಯ್ದ ಹಾಕ್ತೇನ್ರಿ. ಯಾರರ ಹತ್ತಿ ಬಿದ್ದಾರು. ಕೊಯ್ಯಲೇನ್ರಿ?" ಪುಣ್ಯಾತ್ಮ, ಹಿಂದೆ ಸರಿಯಲು ನನಗೊಂದು ದಾರಿ ತೆರೆದಿಟ್ಟಿದ್ದ. "ಕೊಯ್ಯಿ" ಅಂದೆ. ಎರಡೇ ಅಕ್ಷರ. ಆಮೇಲೆ ತರಗತಿಗೆ ಹೋಗಿ ಪಾಠ ಮಾಡಿದೆ.

ಮಹಾಂತೇಶ ಗುಂಪಿಗೆ ಬರುವುದನ್ನು ಬಿಟ್ಟ. ಕೆಲಸ ಜಾಸ್ತಿ ಇರಬೇಕು ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಗುಂಪಿನಲ್ಲಿ ಮಾತ್ರ ಅದೊಂದು ಕಥೆಯಾಗಿ ಉಳಿಯಿತು. ಹೊಸಬರು ಬಂದಾಗಲೆಲ್ಲ ವಿರೂಪಾಕ್ಷ ಹೇಳುತ್ತಿದ್ದ — ಸರ್ ಅವತ್ತು ಕಂಡುಹಿಡೀಲಿಲ್ಲಂದ್ರ ನಮ್ಮ ಮಹಾಂತೇಶ ಹೋಗಿಬಿಡ್ತಿದ್ದ. ಆರು ವರ್ಷ ಆ ಹೊಗಳಿಕೆಯನ್ನು ತಲೆ ತಗ್ಗಿಸಿ ಕೇಳಿದೆ. ಅವರು ಅದನ್ನು ವಿನಯ ಅಂದುಕೊಂಡರು. ಈಚೆಗೆ ಒಂದು ದಿನ ಅದೇ ಕಥೆ ಮತ್ತೆ ಶುರುವಾದಾಗ ಚಹಾ ಅರ್ಧಕ್ಕೇ ಬಿಟ್ಟೆ. ಎದ್ದು ಕಮತಗಿಗೆ ಹೋದೆ.

ಅವನು ಕಿಟಕಿಯ ಸರಳು ಬೆಸೆಯುತ್ತಿದ್ದ. ಕನ್ನಡಕ ತೆಗೆದು, "ಬರ್ರಿ ಸರ್" ಅಂದ. ನಿಂತೇ ಹೇಳಿದೆ — ಬಿರುಕು ಇರಲಿಲ್ಲ, ನಾನು ಸುಳ್ಳು ಹೇಳಿದೆ.

"ಗೊತ್ತೈತ್ರಿ."

ಅವನು ಸರಳನ್ನು ಕೆಳಗಿಟ್ಟ.

"ಕೊಯ್ದಾಗ ನೋಡಿದ್ನಿ. ಒಳಗ ಬೆಸುಗಿ ಪೂರಾ ಹಿಡದಿತ್ತು. ಮೊದಲ ಅನ್ಕೊಂಡ್ನಿ, ಸರ್ ತಪ್ಪಿ ನೋಡ್ಯಾರ ಅಂತ. ಆಮ್ಯಾಲ ಅನ್ಕೊಂಡ್ನಿ, ಸರ್ ತಪ್ಪಿ ನೋಡೂ ಮನಷ್ಯಾ ಅಲ್ಲ ಅಂತ."

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ಇನ್ನೊಂದು ಸುಳ್ಳ ಹೇಳ್ತಿದ್ರಿ. ಅದನ್ನ ಕೇಳಾಕ ನನಗ ಮನಸಿರಲಿಲ್ಲ." ಮತ್ತೆ ಅಂದ, "ಸುಣ್ಣ ಹಾಕಿ ನಾನೂ ನೋಡಬಹುದಿತ್ರಿ. ನೋಡಿದ್ರ ನಿಮ್ಮ ಮ್ಯಾಲ ನಂಬಿಕಿ ಇಲ್ಲ ಅಂದಂಗ ಆಕ್ಕಿತ್ತು."

ಕ್ಷಮಿಸು ಎಂದು ಕೇಳಲು ಬಾಯಿ ತೆರೆದೆ. ಅವನು ಕೈ ಎತ್ತಿ ತಡೆದ. "ನನಗ ಹೇಳಿ ಏನ್ ಮಾಡ್ತೀರಿ ಸರ್. ಅವತ್ತ ಯಾರ ಮುಂದ ಹೇಳಿದ್ರಿ, ಅವರ ಮುಂದ ಹೇಳ್ರಿ." ಕನ್ನಡಕ ಹಾಕಿಕೊಂಡು ಕೆಲಸಕ್ಕೆ ತಿರುಗಿದ.

ಕಳೆದ ಭಾನುವಾರ ಹೇಳಿದೆ. ಕುಳಗೇರಿ ಕ್ರಾಸಿನಲ್ಲಿ, ಅದೇ ಜನರ ಎದುರು, ಸೀಮೆಸುಣ್ಣದಿಂದ ಹಿಡಿದು "ಕೊಯ್ಯಿ" ಎಂಬುದರ ತನಕ ಒಂದನ್ನೂ ಬಿಡದೆ. "ಹಳೇ ಮಾತು ಬಿಡ್ರಿ ಸರ್" ಎಂದರು ಒಬ್ಬರು. ವಿರೂಪಾಕ್ಷ ಮಾತ್ರ ಚಹಾದ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಆರು ವರ್ಷ ಈ ಕಥಿ ನಾ ಎಷ್ಟ ಮಂದಿಗಿ ಹೇಳೇನಿ, ಗೊತ್ತೈತೇನ್ರಿ? ನನ್ನ ಗೆಳ್ಯಾನ ಕೆಲಸಾ ಕೆಟ್ಟದ್ದು ಅಂತ ನನ್ನ ಬಾಯಿಲೇ ಊರೆಲ್ಲಾ ಹೇಳಿಸಿದ್ರಿ."

ದನಿ ಏರಿಸಲಿಲ್ಲ. ಸೈಕಲ್ಲನ್ನು ಗಾಡಿಗೆ ಕಟ್ಟಿದ. "ಕಮತಗಿ ಮ್ಯಾಲ ಹಾದ ಹೋಗ್ತೇನಿ" ಎಂದು ಉಳಿದವರಿಗೆ ಹೇಳಿ ಹೋದ. ನನಗೆ ಹೇಳಲಿಲ್ಲ.

ಆ ದಿನ ಗುಂಪಿಗೆ ಹೊಸಬರೊಬ್ಬರು ಬಂದಿದ್ದರು. ಕಾರ್ಬನ್ ಕೊಳ್ಳಲೋ ಉಕ್ಕು ಕೊಳ್ಳಲೋ ಎಂದು ನನ್ನನ್ನು ಕೇಳಲೆಂದೇ ಬಾಗಲಕೋಟೆಯಿಂದ ಜೊತೆಗೂಡಿದವರು. ಎರಡು ಸೈಕಲ್ಲುಗಳ ಚಿತ್ರ ಅವರ ಫೋನಿನಲ್ಲಿ ತೆರೆದೇ ಇತ್ತು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಫೋನನ್ನು ಮೆಲ್ಲಗೆ ಜೇಬಿಗೆ ಇಟ್ಟುಕೊಂಡರು.